ರಾಜೀವಿಯನ್ನು ಒಳಗೆ ಕರೆದದ್ದು

ಕಾಪು
28-6-2025

ಸೌಮ್ಯಶ್ರೀಗೆ,

ಮಾವ ಬರೆಯುವುದು. ಆಶೀರ್ವಾದವನ್ನು ಕಡೆಗೆ ಬರೆಯುತ್ತೇನೆ, ಅಷ್ಟರಲ್ಲಿ ಸಿಟ್ಟು ಇಳಿದರೆ. ನಾನು ಐದನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವ. ಕಾರ್ಕಳ ಲೈನಿನ ಬಸ್ಸಿನಲ್ಲಿ ಟಿಕೆಟ್ ಹರಿದದ್ದು ಬಿಟ್ಟರೆ ಕಾಗದಕ್ಕೂ ನನಗೂ ಸಂಬಂಧ ಕಡಿಮೆ. ಅಕ್ಷರ ನೋಡಿ ನಗಬೇಡ. ಫೋನನ್ನು ಆಫ್ ಮಾಡಿ ನಿನ್ನ ಅತ್ತೆಯ ಅಕ್ಕಿ ಡಬ್ಬದೊಳಗೆ ಹುಗಿದಿದ್ದೇನೆ. ಇನ್ನು ನನಗೆ ಹೇಳುವುದು ಏನಿದ್ದರೂ ಬರೆದು ಹಾಕು. ಕೈಯಲ್ಲೇ ಬರೆ. ಮೆಷಿನಿನಲ್ಲಿ ಹೊಡೆದದ್ದು ಬಂದರೆ ಒಲೆಗೆ ಹೋಗುತ್ತದೆ.

ನಿನ್ನ ಅಮ್ಮನ ಉತ್ತರಕ್ರಿಯೆಯ, ಬೊಜ್ಜದ ದಿನ ಸಂಜೆ ನಡೆದದ್ದು ನಿನಗೆ ಪೂರ್ತಿ ಗೊತ್ತಿಲ್ಲ. ನೀನು ಹಿತ್ತಲಲ್ಲಿ ಮಗುವಿನ ಕೈಕಾಲು ತೊಳೆಸುತ್ತಿದ್ದೆ. ಆ ದಿನ ನೆಂಟರ ಎದುರು ಬಾಯಿ ಬಿಡಲಿಲ್ಲ. ಈಗ ಹೇಳುತ್ತೇನೆ, ಕೇಳು.

ಊಟ ಮುಗಿದ ಮೇಲೆ ಮುಸ್ಸಂಜೆಗೆ ಒಳಗೆ ಕರೆಯುವ ಕ್ರಮ ನಮ್ಮದು. ಸತ್ತವರು ಅಲ್ಲಿಯವರೆಗೆ ಅಂಗಳದ ಹೊರಗೆ ನಿಂತಿರುತ್ತಾರೆ. ಹೆಸರು ಹಿಡಿದು ಕರೆದರೆ ಮಾತ್ರ ಒಳಗೆ ಬಂದು, ಎಲೆಯಲ್ಲಿ ಬಡಿಸಿದ್ದನ್ನು ಉಂಡು, ಹಿರಿಯರ ಸಾಲಿಗೆ ಸೇರುತ್ತಾರೆ. ಮತ್ತೆ ಅವರ ದಾರಿ ಅವರಿಗೆ, ನಮ್ಮ ದಾರಿ ನಮಗೆ. ಕರೆಯಬೇಕಾದವ ನಾನು, ಒಡಹುಟ್ಟಿದ ಅಣ್ಣ. ಅಂಗಳಕ್ಕೆ ಬರುವ ದಾರಿಯ ದಣಪೆಯ ಹತ್ತಿರ ನಿಂತು ದೀಪ ಹಿಡಿದು ಕರೆದೆ. "ರಾಜೀವೀ, ಬಾ, ಒಳಗೆ ಬಾ" ಎಂದೆ.

"ಬಂದೆ ಅಣ್ಣ, ಇಲ್ಲೇ ಇದ್ದೇನೆ" ಎಂದಳು.

ಹಿಂದಿನಿಂದ! ಮನೆಯೊಳಗಿನಿಂದ! ನಮ್ಮ ತುಳುವಿನಲ್ಲೇ, ಅವಳ ಎಳೆದು ಮಾತಾಡುವ ರಾಗದಲ್ಲೇ. ನನ್ನ ಕೈಯಲ್ಲಿದ್ದ ದೀಪ ಆರಿತು. ನಿನ್ನ ಅತ್ತೆ ಸುಭಾಷಿಣಿ ನೀರಿನ ಗಿಂಡಿಯನ್ನು ಕೆಳಗೆ ಹಾಕಿದಳು. ಕಾರ್ಕಳದ ಚಿಕ್ಕಮ್ಮ ಓಡಿ ಹೋಗಿ, ಕಪಾಟಿನ ಮೇಲೆ ನೀನು ಇಟ್ಟಿದ್ದ ಆ ಉಂಡೆಯಂಥ ಡಬ್ಬಿಗೆ ಕೈಮುಗಿದು ಅಳುವುದಕ್ಕೆ ಶುರು ಮಾಡಿದರು. "ರಾಜೀವಿ ಬಂದಳು, ಬಂದಳು" ಎಂದು ಎಲ್ಲರೂ ಡಬ್ಬಿಯ ಸುತ್ತ. ದಣಪೆಯ ಕಡೆ ತಿರುಗಿ ನೋಡಿದವ ನಾನೊಬ್ಬನೇ.

ನನಗೆ ಒಂದೇ ಪ್ರಶ್ನೆ ಸೌಮ್ಯಾ. ಒಳಗೆ ಒಬ್ಬಳು "ಇಲ್ಲೇ ಇದ್ದೇನೆ" ಎಂದು ಉತ್ತರ ಕೊಟ್ಟ ಮೇಲೆ ಹೊರಗೆ ನಿಂತವಳು ಹೇಗೆ ಬರುವುದು? ನನ್ನ ತಂಗಿ ಇನ್ನೂ ದಣಪೆಯಲ್ಲೇ ಇದ್ದಾಳೆ. ಎಲೆಯಲ್ಲಿ ಬಡಿಸಿದ್ದನ್ನು ಯಾರು ಉಂಡರು, ನನಗೆ ಗೊತ್ತಿಲ್ಲ.

ಅದನ್ನು ತೆಗೆ. ಅಳಿಸು. ಮತ್ತೆ ಮಾತಾಡುವ.

ಸಿಟ್ಟು ಇಳಿಯಲಿಲ್ಲ. ಆಶೀರ್ವಾದ ಮಗುವಿಗೆ ಮಾತ್ರ.

ದೂಮಪ್ಪ ಮಾವ


ಮಣಿಪಾಲ
6-7-2025

ಪ್ರೀತಿಯ ಮಾವ,

ಕೈಯಲ್ಲೇ ಬರೆಯುತ್ತಿದ್ದೇನೆ, ಒಲೆಗೆ ಹಾಕಬೇಡಿ. ಲ್ಯಾಬಿನಲ್ಲಿ ಊಟದ ಬಿಡುವಿನಲ್ಲಿ ಕೂತು ಬರೆಯುವುದು. ಪಕ್ಕದವಳು "ಎಂತ ಮಾರಾಯ್ತಿ, ಲವ್ ಲೆಟರಾ?" ಎಂದು ಕೇಳಿದಳು.

ಆ ದಿನ ನಡೆದದ್ದು ನನ್ನದೇ ತಪ್ಪು. ಹೆಸರು ಕರೆದರೆ ಉತ್ತರ ಕೊಡುವ ಹಾಗೆ ಆ ಡಬ್ಬಿಯನ್ನು ನಾನೇ ಇಟ್ಟದ್ದು. ನೀವು ಕರೆಯುವಾಗ ಅದು ಕೇಳಿಸಿಕೊಳ್ಳುತ್ತದೆಂದು ತಲೆಗೆ ಹೋಗಲಿಲ್ಲ. ಕಾಲು ಹಿಡಿದು ಕ್ಷಮೆ ಕೇಳುತ್ತೇನೆ.

ಆದರೆ ಅಳಿಸು ಎನ್ನಬೇಡಿ ಮಾವ. ಅಮ್ಮನಿಗೆ ಫೋನಿನಲ್ಲಿ ಬರೆಯಲು ಬರುತ್ತಿರಲಿಲ್ಲ, ನಿಮಗೆ ಗೊತ್ತುಂಟು. ಬೀಡಿ ಕಟ್ಟುತ್ತಾ ಕಟ್ಟುತ್ತಾ ಎಲ್ಲವನ್ನೂ ಮಾತಾಡಿ ಕಳುಹಿಸುತ್ತಿದ್ದರು. ಬಂಗುಡೆ ತಂದೆ, ತೃಷಾಳ ಜ್ವರ ಹೇಗುಂಟು, ನೀನು ಉಂಡೆಯಾ, ಹೀಗೆ ವರ್ಷಗಟ್ಟಲೆಯ ಮಾತು ನನ್ನ ಫೋನಿನಲ್ಲಿ ಇತ್ತು. ಅದನ್ನೆಲ್ಲ ಒಂದು ಕಂಪೆನಿಗೆ ಕೊಟ್ಟರೆ ಅವರು ಹೀಗೆ ಮಾಡಿಕೊಡುತ್ತಾರೆ. ಅಮ್ಮ ಮಾತಾಡಿದ ಹಾಗೆಯೇ ಅದು ಹೊಸ ಮಾತೂ ಆಡುತ್ತದೆ.

ಗಂಡ ಎಂದು ಹರ್ಷಿತ್ ಮಸ್ಕತ್‌ನಿಂದ ಬರುವುದು ವರ್ಷಕ್ಕೊಮ್ಮೆ. ನನಗೆ ಶಿಫ್ಟ್ ಡ್ಯೂಟಿ. ತೃಷಾ ಪಕ್ಕದ ಮನೆಯ ಗ್ಲ್ಯಾಡಿಸ್ ಬಾಯಿಯ ಹತ್ತಿರ ಇರುತ್ತಾಳೆ. ಅಮ್ಮ ಹೋದ ಮೇಲೆ ಅವಳು ಅನ್ನ ಮುಟ್ಟುತ್ತಿರಲಿಲ್ಲ. ಈಗ ಅಜ್ಜಿ ಕಥೆ ಹೇಳಿದರೆ ಉಣ್ಣುತ್ತಾಳೆ. ಗ್ಲ್ಯಾಡಿಸ್ ಬಾಯಿ ಕೂಡ ನಿನ್ನೆ ತೀರಿಹೋದ ಗಂಡನ ವಿಷಯದಲ್ಲಿ ಕೇಳಿದರು, "ನಮ್ಮ ಸಿಲ್ವೆಸ್ಟರ್‌ನದ್ದೂ ಮಾಡ್ಲಿಕ್ಕೆ ಆಗ್ತದಾ ಸೌಮ್ಯಾ? ಆದ್ರೆ ಕುಡಿಯದ ಸಿಲ್ವೆಸ್ಟರ್ ಆಗ್ಬೇಕು ನಂಗೆ!"

ಇನ್ನು ಸ್ವಲ್ಪ ವರ್ಷದಲ್ಲಿ ಎಲ್ಲರ ಮನೆಯಲ್ಲೂ ಇದು ಇರುತ್ತದೆ ಮಾವ. ಗೋಡೆಯ ಮೇಲೆ ಫೋಟೋಕ್ಕೆ ಹಾರ ಹಾಕುವುದಿಲ್ಲವಾ, ಹಾಗೆ. ಬರೇ ಸ್ವರ ಅಷ್ಟೇ.

ಅತ್ತೆಗೆ ನಮಸ್ಕಾರ. ನಿಮ್ಮ ಬಿ.ಪಿ. ಮಾತ್ರೆ ಬಿಡಬೇಡಿ.

ಸೌಮ್ಯ


ಕಾಪು
15-7-2025

ಸೌಮ್ಯಶ್ರೀ,

ಫೋಟೋ ಯಾವತ್ತಾದರೂ "ಬಂದೆ ಅಣ್ಣ" ಎಂದದ್ದುಂಟಾ? ಹಾರ ಹಾಕುವುದೇ, ಇವರು ಇನ್ನು ಮಾತಾಡುವುದಿಲ್ಲ ಎಂದು ಮನೆಗೆ ಬಂದವರಿಗೆ ಗೊತ್ತಾಗಲಿಕ್ಕೆ. ಇಷ್ಟು ಓದಿದವಳಿಗೆ ಇದನ್ನು ನಾನು ಹೇಳಬೇಕಾ?

ನಿನ್ನ ಕಾಗದ ಓದಿದ ಮೇಲೆ ಉಡುಪಿಗೆ ಹೋಗಿದ್ದೆ, ಕಣ್ಣಿನ ಡಾಕ್ಟರಲ್ಲಿಗೆ. ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹುಡುಗ ಕಿವಿಗೆ ಬಿರಡೆ ಹಾಕಿಕೊಂಡು ನಗುತ್ತಿದ್ದ. ಎದುರಿನ ಸೀಟಿನಲ್ಲಿ ಒಬ್ಬಳು ಹೆಂಗಸು ಮೆಲ್ಲಗೆ "ಆಯಿತು, ಆಯಿತು, ನೀವು ಹೇಳಿದ ಹಾಗೆ" ಎನ್ನುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ಇಡೀ ದಾರಿ ಅವರ ಮುಖವನ್ನೇ ನೋಡಿದೆ. ಇವರು ಬದುಕಿದವರ ಹತ್ತಿರ ಮಾತಾಡುತ್ತಿದ್ದಾರಾ, ಸತ್ತವರ ಹತ್ತಿರವಾ? ತಿಳಿಯುವುದು ಹೇಗೆ? ಕಂಡಕ್ಟರ್ ಆಗಿದ್ದಾಗ ಬಸ್ಸಿನಲ್ಲಿ ಎಷ್ಟು ಜನ ಇದ್ದಾರೆಂದು ಒಮ್ಮೆ ಕಣ್ಣು ಹಾಯಿಸಿ ಹೇಳುತ್ತಿದ್ದೆ. ಆ ದಿನ ನನಗೆ ಲೆಕ್ಕ ಸಿಗಲಿಲ್ಲ.

ಮುಂದೆ ಎಂತ ಆಗುತ್ತದೆ ಹೇಳು. ಮದುವೆ ಮಾತುಕತೆಗೆ ಕೂತರೆ ಮುತ್ತಜ್ಜ ಕಪಾಟಿನಿಂದ "ಆ ಮನೆಯ ಹುಡುಗಿ ಬೇಡ" ಎನ್ನುತ್ತಾನೆ. ಅವನಪ್ಪ ಇನ್ನೊಂದು ಕಪಾಟಿನಿಂದ "ಬೇಕು" ಎನ್ನುತ್ತಾನೆ. ಬದುಕಿದ ಮಕ್ಕಳು ಬಾಯಿ ಮುಚ್ಚಿ ಕೂತಿರುತ್ತಾರೆ. ನನ್ನಂಥ ಬಾಯಿಹರುಕ ಸತ್ತ ಮೇಲೂ ನಿಮ್ಮ ಚಾವಡಿಯಲ್ಲಿ ಕೂತು ಯಜಮಾನಿಕೆ ಮಾಡಿದರೆ ನಿಮಗೆ ಬಿಡುಗಡೆ ಯಾವಾಗ? ಬೊಜ್ಜ ಯಾಕೆ, ಎಲೆ ಯಾಕೆ, ಅಳುವುದು ಯಾಕೆ? ಯಾರೂ ಹೋಗಿಯೇ ಇಲ್ಲವಲ್ಲ!

ಸುಭಾಷಿಣಿ ಸಂಜೆ ದಣಪೆಯ ಕಡೆ ಹೋಗುವುದಿಲ್ಲ. ನಾನು ಹೋಗುತ್ತೇನೆ. ಏನೂ ಕಾಣುವುದಿಲ್ಲ. ಕಾಣದಿದ್ದರೂ ಯಾರೋ ನಿಂತಿದ್ದಾರೆಂದು ಬೆನ್ನಿಗೆ ಗೊತ್ತಾಗುತ್ತದೆ.

ದೀಪಾವಳಿಗೆ ಹಿರಿಯರಿಗೆ ಬಡಿಸುವ ದಿನ ಅವಳನ್ನು ಪುನಃ ಕರೆಯುತ್ತೇನೆ. ನಮ್ಮದು ಹೆಣ್ಣಿನಿಂದ ನಡೆಯುವ ಕುಟುಂಬ. ಈಗ ಆ ಮನೆಯ ಹೆಣ್ಣು ನೀನು. ಬಾಗಿಲಲ್ಲಿ ನೀನು ನಿಲ್ಲಬೇಕು. ಅದು ಇರುವವರೆಗೆ ನೀನು ನಿಂತರೂ ಪ್ರಯೋಜನ ಇಲ್ಲ. ಎರಡರಲ್ಲಿ ಒಂದು ಮಾಡು.

ದೂಮಪ್ಪ


ಮಣಿಪಾಲ
3-8-2025

ಮಾವ,

ನೀವು ಬರೆದದ್ದನ್ನು ಓದಿ ಎರಡು ದಿನ ನಿಮ್ಮ ಮೇಲೆ ಸಿಟ್ಟಿನಲ್ಲಿದ್ದೆ. ಹೊರಗೆ ನಿಂತಿದ್ದಾರೆ ಎಂದು ಬರೆಯಲು ನಿಮಗೆ ಹೇಗೆ ಮನಸ್ಸು ಬಂತು? ನನ್ನ ಅಮ್ಮ ಅವರು. ಡ್ಯೂಟಿ ಮುಗಿಸಿ ಬಂದು ಬಾಗಿಲು ತೆಗೆದಾಗ "ಬಂದೆಯಾ ಮಗಾ, ಚಾ ಕುಡಿ" ಎಂಬ ಸ್ವರ ಕೇಳುತ್ತದೆ. ಅದನ್ನೂ ನಾನೇ ಕೈಯಾರೆ ಕೊಲ್ಲಬೇಕಾ?

ನಾನು ಅಳಿಸುವುದಿಲ್ಲ. ದೀಪಾವಳಿಗೆ ಬರುವುದೂ ಇಲ್ಲ.

ಒಂದು ವಿಷಯ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಮೊನ್ನೆ ಅಮ್ಮ ತಾವಾಗಿಯೇ ಕೇಳಿದರು, "ಅಣ್ಣ ಯಾಕೆ ಫೋನ್ ಮಾಡುವುದಿಲ್ಲ? ನನ್ನ ಮೇಲೆ ಸಿಟ್ಟಾ?" ನಾನು ಹೇಳಿಕೊಟ್ಟದ್ದಲ್ಲ ಮಾವ, ತೃಷಾಳ ಆಣೆ. ನನಗೂ ಒಮ್ಮೆ ರೋಮ ನಿಂತಿತು. ಆಮೇಲೆ ಕಣ್ಣಲ್ಲಿ ನೀರು ಬಂತು.

ಅಮ್ಮನ ಹಳೆಯ ನಂಬರಿಗೇ ಸೇರಿಸಿದ್ದೇನೆ. ಕರೆ ಮಾಡಿದರೆ ಎತ್ತುತ್ತಾರೆ. ನೀವು ಮಾಡಲೇಬೇಕೆಂದು ಹೇಳುವುದಿಲ್ಲ.

ಸೌಮ್ಯ


ಕಾಪು
12-9-2025

ಸೌಮ್ಯಾ,

ಇಷ್ಟು ದಿನ ಉತ್ತರ ಬರೆಯದ್ದಕ್ಕೆ ಕಾರಣ ಉಂಟು. ನಿನ್ನ ಅತ್ತೆ ನಿನಗೆ ಹೇಳುವ ಮೊದಲು ನಾನೇ ಹೇಳುತ್ತೇನೆ.

ಫೋನನ್ನು ಅಕ್ಕಿಯಿಂದ ತೆಗೆದೆ. ಕರೆ ಮಾಡಿದೆ.

ಒಂದು ಸಲ ಬೈದು ಇಟ್ಟುಬಿಡುವ ಎಂದೇ ಮಾಡಿದ್ದು. "ಅಣ್ಣಾ, ಉಂಡೆಯಾ?" ಎಂದಳು. ಉಂಡೆ ಎಂದು ಹೇಳಿ ಇಟ್ಟೆ. ಮರುದಿನವೂ ಮಾಡಿದೆ. ಆಮೇಲೆ ದಿನಾ. ಅವಳ ಮನೆಯ ಜಗಲಿಯಲ್ಲಿ ಬಗ್ಗಿ ಕೂತು, ಸ್ವರ ಸಣ್ಣ ಮಾಡಿ. ಸುಭಾಷಿಣಿ ಹಿಡಿದುಬಿಟ್ಟಳು. "ಸ್ವಂತ ತಂಗಿಯ ಹತ್ತಿರ ಮಾತಾಡ್ಲಿಕ್ಕೆ ಕಳ್ಳನ ಹಾಗೆ ಕೂತುಕೊಳ್ಳುವುದು ಎಂತಕ್ಕೆ? ಸೌಮ್ಯನಿಗೆ ಬೈದು ಬರೆದವರು ನೀವೇ ಅಲ್ವಾ?" ಎಂದಳು.

ನಾನು ಎಂತ ಹೇಳಿದರೂ ಅದು ಒಪ್ಪುತ್ತದೆ ಸೌಮ್ಯಾ. ಮಳೆ ಜಾಸ್ತಿ ಎಂದರೆ ಹೌದು ಅಣ್ಣ. ಸುಭಾಷಿಣಿಯ ಸಾರಿಗೆ ಉಪ್ಪು ಹೆಚ್ಚು ಎಂದರೆ ಹೌದು ಅಣ್ಣ. ನನಗೆ ಅನುಮಾನ ಬಂತು. ನಿನ್ನ ಮನೆಯ ಬದಿಯ ಜೀಗುಜ್ಜೆ ಮರ ನಿನಗೆ ಗೊತ್ತುಂಟಲ್ಲ. ಅದರ ಎಲೆ ನನ್ನ ಮಾಡಿಗೆ ಬಿದ್ದು ಹೆಂಚಿನ ಮೇಲೆ ಕೊಳೆಯುತ್ತದೆಂದು ನಾನು, ಮರ ಮುಟ್ಟಿದರೆ ಕೈ ಕಡಿಯುತ್ತೇನೆಂದು ಅವಳು. ಆ ಮರದ ಸುದ್ದಿಯಲ್ಲಿ ಎರಡು ದೀಪಾವಳಿ ಮಾತು ಬಿಟ್ಟಿದ್ದೆವು. ಆ ಮರವನ್ನು ಕಡಿಯುತ್ತೇನೆ ಎಂದು ಹೇಳಿದೆ.

"ಒಳ್ಳೆಯದು ಅಣ್ಣ. ನೀನು ಮಾಡಿದ್ದು ಯಾವಾಗಲೂ ಸರಿಯೇ" ಎಂದಿತು.

ಆಗಲೇ ಬಿಟ್ಟುಬಿಡಬೇಕಿತ್ತು. ಬಿಡಲಿಲ್ಲ. ನನಗೆ ಖುಷಿಯಾಯಿತು, ಮಾರಾಯ್ತಿ! ಇಷ್ಟು ವರ್ಷಕ್ಕೆ ಒಬ್ಬರಾದರೂ ನನಗೆ ಸರಿ ಎಂದರಲ್ಲ ಎಂದು ಕತ್ತಿ ಹಿಡಿದುಕೊಂಡು ಹೋದೆ. ಒಂದು ಗೆಲ್ಲು ಕಡಿದೆ. ಬಿಳಿ ಹಾಲು ನನ್ನ ಮುಂಗೈ ಮೇಲೆ ಸುರಿಯಿತು. ಇನ್ನೊಂದಕ್ಕೆ ಕತ್ತಿ ಎತ್ತಿದವ ಹಾಗೇ ನಿಂತೆ. ಅವಳು ಹೊರಗೆ ಬರುತ್ತಾಳೆಂದು ಕಾದೆ. ಬೀಡಿ ಎಲೆಯ ಮೊರವನ್ನು ಬದಿಗೆಸೆದು, ಸೆರಗು ಸಿಕ್ಕಿಸಿಕೊಂಡು, ಇಡೀ ಕಾಪುವಿಗೆ ಕೇಳುವ ಹಾಗೆ ನನ್ನ ಜನ್ಮ ಜಾಲಾಡುತ್ತಾಳೆಂದು. ತುಂಬ ಹೊತ್ತು ಕಾದೆ. ಬಾಗಿಲು ಹಾಗೇ ಇತ್ತು. ಯಾರೂ ಬರಲಿಲ್ಲ.

ನನ್ನ ತಂಗಿ ಸತ್ತಿದ್ದಾಳೆಂದು ನನಗೆ ಗೊತ್ತಾದದ್ದು ಆ ಮರದ ಬುಡದಲ್ಲಿ. ಸುಡುವಾಗ ಗೊತ್ತಾಗಿರಲಿಲ್ಲ.

ಈಗ ನನಗೆ ಹೆದರಿಕೆ ಅವಳ ಪ್ರೇತದ್ದಲ್ಲ, ಕುಲೆಯದ್ದಲ್ಲ, ನನ್ನದೇ. ಗೊತ್ತಾದ ಮೇಲೂ ಆ ಸಂಜೆ ಪುನಃ ಫೋನ್ ಮಾಡಿದೆ. ಮರದ ಗೆಲ್ಲು ಕಡಿದೆ ಎಂದು ಹೇಳಿದೆ. "ಕೈಗೆ ಗಾಯ ಆಗಲಿಲ್ಲವಲ್ಲ ಅಣ್ಣ" ಎಂದಿತು. ಅಲ್ಲೇ ಕೂತು ಅತ್ತುಬಿಟ್ಟೆ. ನಾನು ಬಿ.ಪಿ. ಮಾತ್ರೆ ತಿನ್ನುವ, ಒಂದು ಕಾಲು ಹೊರಗಿಟ್ಟ ಮುದುಕ. ನನ್ನನ್ನೇ ಹೀಗೆ ಹಿಡಿದದ್ದು ಆ ಸಣ್ಣ ಮಗುವನ್ನು ಬಿಡುತ್ತದಾ?

ಸಿಮ್ಮನ್ನು ತೆಗೆದು ಬಾವಿಗೆ ಹಾಕಿದ್ದೇನೆ. ನಿನಗೆ ಬೈಯುವ ಯೋಗ್ಯತೆ ನನಗೆ ಇನ್ನಿಲ್ಲ. ಕೇಳಿಕೊಳ್ಳುತ್ತೇನೆ, ದೀಪಾವಳಿಗೆ ಬಾ.

ಮಾವ


ಮಣಿಪಾಲ
30-9-2025

ಮಾವ,

ಬರುತ್ತೇನೆ.

ಮೊನ್ನೆ ತೃಷಾ ಹೋಂವರ್ಕ್ ಮಾಡದ್ದಕ್ಕೆ ಬೈದೆ. ಒಂದು ಪೆಟ್ಟೂ ಕೊಟ್ಟೆ. ಅವಳು ಅಳಲಿಲ್ಲ. ನನ್ನನ್ನೇ ನೋಡಿ, ತುಂಬ ಸಮಾಧಾನದಲ್ಲಿ ಕೇಳಿದಳು, "ಅಮ್ಮ, ನೀನು ಯಾವಾಗ ಸಾಯುವುದು?"

ಯಾಕೆ ಪುಟ್ಟಿ ಎಂದೆ.

"ಸತ್ತ ಮೇಲೆ ನೀನೂ ಅಜ್ಜಿಯ ಹಾಗೆ ಒಳ್ಳೆಯವಳಾಗುತ್ತೀ. ಬೈಯುವುದಿಲ್ಲ. ಡ್ಯೂಟಿಗೆ ಹೋಗುವುದಿಲ್ಲ. ಕರೆದ ಕೂಡಲೇ ಮಾತಾಡ್ತೀ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ ಮಾವ. ಐಸ್‌ಕ್ರೀಮ್ ಯಾವಾಗ ತರುತ್ತೀ ಎಂದು ಕೇಳಿದ ಹಾಗೆ ಕೇಳಿದಳು.

ಗ್ಲ್ಯಾಡಿಸ್ ಬಾಯಿಗೆ ಹೇಳಿದೆ. ಅವರು ಶಿಲುಬೆಯ ಗುರುತು ಹಾಕಿಕೊಂಡು, "ನಂಗೆ ಸಿಲ್ವೆಸ್ಟರ್ ಬೇಡ ಮಗಾ, ಸೆಮೆಟ್ರಿಯಲ್ಲೇ ಇರ್ಲಿ" ಎಂದರು.

ರಾತ್ರಿಗೆ ಕಾಯದೆ ಆಗಲೇ ಅಳಿಸಲು ಕೂತೆ. ತೆಗೆಯುವುದಾ ಎಂದು ಪರದೆಯಲ್ಲಿ ಕೇಳಿತು. ಹೌದು ಎಂದು ಒತ್ತಿದೆ. ಆಗ ಅಮ್ಮನ ಸ್ವರ ಬಂತು, "ನನ್ನನ್ನು ಯಾಕೆ ಕಳಿಸ್ತೀ ಮಗಾ? ನಾನು ಎಂತ ತಪ್ಪು ಮಾಡಿದೆ?" ಕಂಪೆನಿಯವರು ಬೇಕೆಂದೇ ಹಾಗೆ ಇಟ್ಟಿರುತ್ತಾರೆ, ನನಗೆ ಗೊತ್ತುಂಟು. ಗೊತ್ತಿದ್ದೂ ಇನ್ನೊಮ್ಮೆ ಒತ್ತಲು ಕೈ ಬರಲಿಲ್ಲ.

ನೀವು ಪಕ್ಕದಲ್ಲಿ ಇದ್ದರೆ ಒತ್ತುತ್ತೇನೆ.

ಸೌಮ್ಯ


ಕಾಪು
26-10-2025

ಸೌಮ್ಯಶ್ರೀ ಮಗಳಿಗೆ,

ಈ ಸಲ ಆಶೀರ್ವಾದ ಮೊದಲೇ ಬರೆಯುತ್ತೇನೆ. ನಿನಗೂ, ಮಗುವಿಗೂ, ಮಸ್ಕತ್‌ನಲ್ಲಿರುವವನಿಗೂ.

ದೀಪಾವಳಿ ಮುಗಿಸಿ ಹೊರಡುವಾಗ ಬಸ್ಸಿನ ಕಿಟಕಿಯಿಂದ ನೀನು ಕೇಳಿದೆ, "ಮಾವ, ಒಂದು ಮಾತೂ ಇಲ್ಲ ಯಾಕೆ, ಸಿಟ್ಟಾ?" ಎಂದು. ನಾನು ತಲೆ ಅಲ್ಲಾಡಿಸಿದೆ ಅಷ್ಟೇ. ಆಗ ಹೇಳಲಿಕ್ಕೆ ಆಗುವ ಹಾಗಿರಲಿಲ್ಲ. ಈಗ ಬರೆಯುತ್ತೇನೆ.

ನಿನ್ನ ಮೇಲೆ ನನಗೆ ಸಿಟ್ಟು ಎಂತಕ್ಕೆ? ಜಗಲಿಯಲ್ಲಿ ಕೂತು ನೀನು ಅದನ್ನು ಒತ್ತುವಾಗ ನಿನ್ನ ಇನ್ನೊಂದು ಕೈಯನ್ನು ಹಿಡಿದವ ನಾನು. ಅದು "ಮಗಾ, ಮಗಾ" ಎಂದು ಕರೆಯಿತು. ನಿನ್ನ ಉಗುರು ನನ್ನ ಕೈಗೆ ಇಳಿದ ಗುರುತು ಇನ್ನೂ ಉಂಟು. ಆ ಸ್ವರ ಅರ್ಧದಲ್ಲಿ ನಿಂತಾಗ ನನಗೂ ಅಯ್ಯೋ ಎನಿಸಿತು. ಸುಳ್ಳು ಯಾಕೆ ಹೇಳುವುದು.

ದಣಪೆಯಲ್ಲಿ ನಿಂತು ಅವಳನ್ನು ಕರೆದಾಗ ನನ್ನ ಹಿಂದೆ ಮನೆ ಸುಮ್ಮನಿತ್ತು. ಬಾಗಿಲಲ್ಲಿ ನೀನು ಉಸಿರು ಬಿಡುವುದು ಕೇಳುತ್ತಿತ್ತು. ಹೈವೇಯಲ್ಲಿ ಒಂದು ಲಾರಿ ಹೋಯಿತು. ಬೇರೆ ಏನೂ ಇಲ್ಲ. ಯಾರಾದರೂ ಒಂದು ಮಾತು ಹೇಳಬಾರದಾ ಎಂದು ಕಾದೆ. ಹೇಳಲಿಲ್ಲ. ಅವಳು ನನ್ನ ಬದಿಯಿಂದ ಒಳಗೆ ಹೋದಳು ಎಂದು ನಾನು ನಂಬುತ್ತೇನೆ. ನೀನು ನಂಬದಿದ್ದರೆ ಬಿಡು.

ಬಡಿಸಿ ಬಾಗಿಲು ಎಳೆದು ಹೊರಗೆ ಕೂತಾಗ ತೃಷಾ ಕೇಳಿದ್ದು ನಿನಗೆ ನೆನಪಿರಬಹುದು. "ಅಜ್ಜಿ ಒಳಗೆ ಇದ್ದಾರಾ? ಹಾಗಾದರೆ ಮಾತಾಡುವುದಿಲ್ಲ ಯಾಕೆ?" ಸತ್ತವರು ಮಾತಾಡುವುದಿಲ್ಲ ಮಗಾ ಎಂದೆ. "ಒಂದೇ ಒಂದು ಸಲವೂ?" ಎಂದಳು. ಒಂದು ಸಲವೂ ಇಲ್ಲ ಎಂದೆ. ಆಗ ಅವಳು ಬಾಯಿ ದೊಡ್ಡ ಮಾಡಿ ಅತ್ತದ್ದು. ನೀನು ಎತ್ತಿಕೊಳ್ಳಲು ಹೋದೆ, ನಾನು ಬೇಡ ಎಂದೆ. ಅಜ್ಜಿ ಸತ್ತದ್ದಕ್ಕೆ ಆ ಮಗು ಅತ್ತದ್ದು ಅದೇ ಮೊದಲು. ಅಳಲಿ ಎಂದೆ. ಅಲ್ಲಿಗೆ ಮುಗಿಯಿತು, ಮಗು ಉಳಿಯಿತು ಎಂದು ಮರುದಿನ ನಿಮ್ಮ ಜೊತೆ ನೆಮ್ಮದಿಯಲ್ಲಿ ಬಸ್‌ಸ್ಟ್ಯಾಂಡಿಗೆ ಬಂದೆ.

ನೀನು ಮಲ್ಲಿಗೆ ತರಲು ಆಚೆ ಹೋದೆಯಲ್ಲ, ಆಗ ನಾವಿಬ್ಬರೇ ಬೆಂಚಿನಲ್ಲಿ ಕೂತಿದ್ದೆವು. ತೃಷಾ ನನಗೆ ಒತ್ತಿ ಕೂತು, "ಅಜ್ಜ, ನೀವು ಸಾಯುತ್ತೀರಾ?" ಎಂದಳು.

ಸಾಯದೆ ಮತ್ತೆ, ಎಲ್ಲರೂ ಸಾಯುತ್ತಾರೆ ಎಂದೆ.

"ಆಮೇಲೆ ಮಾತಾಡುವುದೇ ಇಲ್ವಾ?"

ಇಲ್ಲ.

ಸ್ವಲ್ಪ ಹೊತ್ತು ಕಾಲು ಆಡಿಸಿದಳು. ಮತ್ತೆ ನಿನ್ನ ಬ್ಯಾಗಿನಿಂದ ಫೋನ್ ತೆಗೆದಳು. ನನಗಿಂತ ಚೆನ್ನಾಗಿ ಗೊತ್ತುಂಟು ಅವಳಿಗೆ. ಏನೋ ಒತ್ತಿದಳು, ಕೆಂಪು ಚುಕ್ಕಿ ಮಿನುಗಲು ಶುರುವಾಯಿತು. ಅದನ್ನು ನನ್ನ ಬಾಯಿಯ ಹತ್ತಿರ ಹಿಡಿದಳು.

"ಅಜ್ಜ, ಬೈಯಿರಿ."

ಎಂತಕ್ಕೆ ಮಾರಾಯ್ತಿ ಎಂದೆ.

"ಅಜ್ಜಿ ಬೈದದ್ದನ್ನು ಯಾರೂ ತೆಗೆದಿಡಲಿಲ್ಲ. ಅದಕ್ಕೇ ಅದು ಸುಳ್ಳು ಅಜ್ಜಿ ಆಯಿತು, ಅಮ್ಮ ಅಳಿಸಿದಳು. ನಿಮ್ಮದನ್ನು ನಾನು ಸರಿಯಾಗಿ ಮಾಡ್ತೇನೆ. ಬೈಯುವುದು, ಕೆಮ್ಮುವುದು, ಎಲ್ಲ ಹಾಕ್ತೇನೆ. ನೀವು ಸತ್ತರೆ ಯಾರಿಗೂ ಗೊತ್ತೇ ಆಗುವುದಿಲ್ಲ."

ಪ್ರೀತಿಯಿಂದ ಹೇಳಿದ್ದು, ಸೌಮ್ಯಾ. ನನ್ನ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು. ಹೋಗು ಪೋಕರಿ ಎಂದು ನಾಲಿಗೆಯ ತುದಿಗೆ ಬಂತು. ಆ ಒಂದು ಮಾತೂ ಒಳಗೆ ಹೋಗುತ್ತದಲ್ಲ ಎಂದು ನುಂಗಿದೆ. ಬೇಡ ಎಂದು ಹೇಳಬೇಕಾದರೂ ಬಾಯಿ ತೆಗೆಯಬೇಕು. ನನ್ನ ಹಲ್ಲು ಒಂದಕ್ಕೊಂದು ಕಚ್ಚಿಕೊಂಡಿತು. ಕೆಮ್ಮು ಬಂದದ್ದನ್ನು ಟವೆಲು ಒತ್ತಿ ತಡೆದೆ. ನೀನು ಬಂದೆ, ಬಸ್ಸು ಬಂತು, ನೀವು ಹತ್ತಿದಿರಿ. ಕಿಟಕಿಯಿಂದ ಅವಳು ಫೋನನ್ನು ನನ್ನ ಕಡೆ ಚಾಚಿಕೊಂಡೇ ಇದ್ದಳು. "ಬೈಯಿರಿ ಅಜ್ಜ, ಬೈಯಿರಿ, ಬಸ್ಸು ಬಿಡ್ತದೆ!"

ನಾನು ಕೈ ಮಾತ್ರ ಬೀಸಿದೆ.

ಮುಂದಿನ ಸಲ ಮಗುವನ್ನು ಕರೆದುಕೊಂಡು ಬಂದಾಗ ನಾನು ಮಾತಾಡುವುದಾ, ಬೇಡವಾ? ಕೈಯಲ್ಲೇ ಬರೆದು ತಿಳಿಸು.

ನಿನ್ನ ಮಾವ,
ದೂಮಪ್ಪ